ಬಿಸಿ ಗಾಜು ತಣಿಯುವ ತನಕ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಪಾದರಸ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರುವವಳಲ್ಲ. ಬಸ್ಸಿಗೆ ಕಾಯಲಾರದೆ ಮುಂದಿನ ನಿಲ್ದಾಣಕ್ಕೆ ನಡೆದುಬಿಡುತ್ತಾಳೆ, ನಡುದಾರಿಯಲ್ಲಿ ಬಸ್ಸು ಅವಳನ್ನು ದಾಟಿ ಹೋಗುತ್ತದೆ ಎಂದು ಗಂಡ ರೇಗಿಸುತ್ತಿದ್ದ. ಅದು ಸುಳ್ಳೂ ಅಲ್ಲ. ಬುದ್ಧಿ ಚುರುಕು, ಓದು ಗಟ್ಟಿ. ತಾಳ್ಮೆ ಮಾತ್ರ ಹತ್ತಿರ ಸುಳಿದದ್ದಿಲ್ಲ.

ಅವಳ ಸಂಶೋಧನೆ ಬ್ಯುಟೈಲ್ ಲಿಥಿಯಂ ಎಂಬ ದ್ರಾವಣವನ್ನು ನಂಬಿತ್ತು. ಗಾಳಿಯ ತೇವ ಸೋಕಿದರೂ ಅದು ಕೆಡುತ್ತದೆ. ಗಾಜಿನ ಪಾತ್ರೆ ಒಣಗಿದ್ದರೆ, ಅವಳ ಮೂಲವಸ್ತುವಿಗೆ ಇದನ್ನು ಬೆರೆಸಿದಾಗ ಮಿಶ್ರಣ ಕಡುಗೆಂಪಾಗಿ ಹಾಗೇ ನಿಲ್ಲಬೇಕು. ಈವರೆಗೆ ಮಾಡಿದ ಎರಡು ಸಲವೂ ಕೆಂಪು ಬಂದಷ್ಟೇ ಬೇಗ ಮಾಯವಾಗಿತ್ತು. ತಿಂಗಳುಗಟ್ಟಲೆ ದುಡಿದು ತಯಾರಿಸಿದ ಮೂಲವಸ್ತು ಇನ್ನೊಂದೇ ಪ್ರಯತ್ನಕ್ಕೆ ಸಾಲುವಷ್ಟಿತ್ತು. ಅದೂ ಕೈಕೊಟ್ಟರೆ ವಿಷಯವನ್ನು ಬೇರೆಯವರಿಗೆ ವಹಿಸುವುದಾಗಿ ಮಾರ್ಗದರ್ಶಕಿ ಹೇಳಿಬಿಟ್ಟಿದ್ದರು.

"ಬಾಟಲಿನೇ ಸರಿ ಇಲ್ಲ ಮೇಡಂ."

"ಅದೇ ಬಾಟಲಿಂದ ತಗೊಂಡು ಪಕ್ಕದ ಮೇಜಿನವನು ಸರಿಯಾಗಿ ಮಾಡಿದ್ನಲ್ಲ? ಫ್ಲಾಸ್ಕನ್ನ ಓವನ್ನಿಂದ ತೆಗೆದು ಏನ್ಮಾಡ್ದೆ?"

"ಬೇಗ ತಣ್ಣಗಾಗ್ಲಿ ಅಂತ ಫ್ಯಾನ್ ಕೆಳಗಿಟ್ಟೆ."

"ಬಾಯಿ ತೆರೆದು?"

ಅವಳು ಹೌದೆಂದು ತಲೆಯಾಡಿಸಿದಳು.

"ಅಷ್ಟು ಹೊತ್ತು ಒಣಗ್ಸಿ, ಕೊನೇಲಿ ಮತ್ತೆ ತೇವ ಕುಡಿಸಿದ್ಯಲ್ಲೇ ತಾಯಿ! ಬಿಸಿ ಗಾಜು ತಣಿಯುವಾಗ ಸುತ್ತಲಿನ ಗಾಳೀನ ಒಳಕ್ಕೆ ಎಳ್ಕೊಳ್ಳುತ್ತೆ. ನಿನಗೆ ಇದನ್ನೂ ಹೇಳ್ಕೊಡ್ಬೇಕಾ?"

ಮೂರನೆಯ ಸಲ ಫ್ಲಾಸ್ಕ್ ಬಿಸಿಯಿರುವಾಗಲೇ ರಬ್ಬರ್ ಮುಚ್ಚಳ ಬಿಗಿದು, ಸೂಜಿಯ ಮೂಲಕ ಒಣ ನೈಟ್ರೋಜನ್ ಹರಿಸುತ್ತಾ ತಣಿಯಲು ಬಿಟ್ಟಳು. ಮುಳ್ಳಿನ ಮೇಲೆ ನಿಂತಂತಾಯಿತು. ಸಿಂಕ್ ತಿಕ್ಕಿದಳು, ಮೇಜು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಒಂದ್ಕಡೆ ಕೂತ್ಕೊಳ್ಳಮ್ಮ ಪಾದರಸಮ್ಮ, ನಿನ್ನ ನೋಡಿ ನಂಗೆ ತಲೆ ಸುತ್ತುತ್ತೆ," ಎಂದ ಪಕ್ಕದ ಮೇಜಿನವನು.

"ಆ ಕಡೆ ತಿರುಗ್ಕೋ, ಸರಿಹೋಗುತ್ತೆ."

ಮೂಲವಸ್ತುವನ್ನು ಕರಗಿಸಿ, ಫ್ಲಾಸ್ಕನ್ನು ಚೆನ್ನಾಗಿ ತಂಪುಮಾಡಿ, ಸಿರಿಂಜಿನಿಂದ ತೊಟ್ಟು ತೊಟ್ಟಾಗಿ ದ್ರಾವಣ ಬಿಟ್ಟಳು. ಕೆಂಪು ಮೂಡಿತು. ಮಾಯವಾಗಲಿಲ್ಲ. ಇನ್ನೊಂದು ಗಂಟೆ ಮುಚ್ಚಳ ತೆಗೆಯುವಂತಿಲ್ಲ. ಅಷ್ಟರಲ್ಲಿ ಫ್ಲಾಸ್ಕಿನ ತಂಪಿಗೆ ಗಾಜಿನ ಹೊರಗೆ ಬಿಳಿ ಹಿಮ ಕಟ್ಟಿ ಒಳಗಿನ ಬಣ್ಣ ಮರೆಯಾಯಿತು. ಒರೆಸಿದರೆ ಕ್ಷಣದಲ್ಲೇ ಮತ್ತೆ ಕಟ್ಟುತ್ತಿತ್ತು. ಕೆಂಪು ಉಳಿದಿದೆಯೋ ಇಲ್ಲವೋ? ಮುಚ್ಚಳ ಒಂದಿಷ್ಟು ಎತ್ತಿ ಇಣುಕಿದರೆ? ಬೆರಳು ಆಗಲೇ ಮುಚ್ಚಳದ ಅಂಚಿನಲ್ಲಿತ್ತು. ಬೆಚ್ಚಿ ಕೈ ಹಿಂತೆಗೆದಳು. ಓವನ್ನಿನ ಪಕ್ಕ ನೇತುಹಾಕಿದ್ದ ದಪ್ಪ ಕೈಗವಸುಗಳನ್ನು ಎರಡೂ ಕೈಗೆ ತೊಟ್ಟಳು.

ಮಾರ್ಗದರ್ಶಕಿ ಒಳಗೆ ಬಂದರು. "ಏನೇ ಇದು ವೇಷ?"

"ಇದನ್ನ ಹಾಕ್ಕೊಂಡ್ರೆ ಮುಚ್ಚಳ ಹಿಡಿಯೋಕಾಗಲ್ಲ ಮೇಡಂ."

ಅವರು ನಗಲಿಲ್ಲ. ಬಟ್ಟೆಯ ತುದಿಯಿಂದ ಹಿಮ ಒರೆಸಿ ಬಗ್ಗಿ ನೋಡಿದರು. ಒಳಗೆ ಕಡುಗೆಂಪು.

"ಇನ್ನೂ ಅರ್ಧ ಗಂಟೆ ಇದೆ," ಎಂದು ಹೊರಟುಹೋದರು.

ಅವಳು ಆ ಕೈಗವಸಿನಲ್ಲೇ ಕಿಟಕಿಗೂ ಮೇಜಿಗೂ ನಡುವೆ ಓಡಾಡತೊಡಗಿದಳು.