ಅತ್ತೆ ಈಜು ಬಿಟ್ಟ ದಿನ

ನಮ್ಮ ಅತ್ತೆಯವರನ್ನು ಈಜುಕೊಳಕ್ಕೆ ಕರೆದುಕೊಂಡು ಹೋದವಳು ನಾನು. ಅವರು ಸಿಕ್ಕಿಬಿದ್ದಾಗ, ನನಗೇನೂ ಗೊತ್ತಿಲ್ಲ ಎಂದು ಹೇಳಿದವಳೂ ನಾನೇ. ಆ ಒಂದು ಮಾತಿನಿಂದಾಗಿ ಅವರು ಮತ್ತೆಂದೂ ನೀರಿಗೆ ಇಳಿಯಲಿಲ್ಲ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ — ಹೇಳದೆ ಇರುವುದು ಎಷ್ಟು ಸುಲಭವಾಗಿತ್ತು ಎಂದು ನೆನೆದರೆ ಈಗ ನನಗೇ ವಿಚಿತ್ರವೆನಿಸುತ್ತದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನನ್ನ ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಪುಣೆ ಕ್ಯಾಂಪಿನ ಹಿಂದಿನ ಓಣಿಯ ಹಳೆಯ ವಾಡೆಯೊಂದರಲ್ಲಿ, ಮಾಳಿಗೆಯ ಎರಡು ಖೋಲಿಗಳಲ್ಲಿ ನಾವು ಮೂವರು — ನಾನು, ನನ್ನ ಗಂಡ ಮಲ್ಲಿಕಾರ್ಜುನ, ಅವರ ತಾಯಿ ಶಾಂತವ್ವ. ಇವರಿಗೆ ದೌಂಡಿನ ಕಚೇರಿಯೊಂದರಲ್ಲಿ ಕಾರಕೂನಿಕೆ. ಬೆಳಗಿನ ಪ್ಯಾಸೆಂಜರಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನಾನು ಓಣಿಯಾಚೆಯ ಬಾಲವಾಡಿಯಲ್ಲಿ ಮಧ್ಯಾಹ್ನದವರೆಗೆ ಕಲಿಸುತ್ತಿದ್ದೆ. ಆ ಕೆಲಸಕ್ಕಾಗಿ ನಾನು ಮನೆಯಲ್ಲಿ ಎಷ್ಟು ಕಾಡಿ ಬೇಡಿದ್ದೆನೆಂದರೆ, ಅದು ಹೋಗಿಬಿಟ್ಟೀತೆಂಬ ಅಂಜಿಕೆ ಸದಾ ಎದೆಯೊಳಗೇ ಇರುತ್ತಿತ್ತು.

ಆ ಚಳಿಗಾಲದಲ್ಲಿ ಅತ್ತೆಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿ ಮಲಗಿಸಿದ್ದರು. ಇವರು ಹೊರಗಿನ ಬೆಂಚಿನ ಮೇಲೆ ಕೂತು ಸಣ್ಣ ಹುಡುಗನ ಹಾಗೆ ಅತ್ತದ್ದನ್ನು ನಾನು ನೋಡಿದ್ದೇನೆ. ತಂದೆಯ ಮುಖವೇ ನೆನಪಿಲ್ಲದ ಮನುಷ್ಯ. ತಾಯಿ ಬಿಟ್ಟರೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅತ್ತೆ ಮನೆಗೆ ಬಂದ ದಿನ ಇವರು ನನ್ನನ್ನು ಒಳಗೆ ಕರೆದು ಹೇಳಿದರು: “ನೋಡು ಕಮಲಾ, ಅವ್ವನ ಜವಾಬ್ದಾರಿ ಇನ್ನ ನಿಂದು. ಆಕೀಗೆ ಏನರ ಹೆಚ್ಚು ಕಡಿಮಿ ಆತಂದ್ರ ಆ ಸಾಲಿ ಗೀಲಿ ಎಲ್ಲಾ ಬಂದ್.”

ಔಷಧ ಮುಗಿದ ಮೇಲೆ ತೋರಿಸಲು ಹೋದಾಗ ಆಸ್ಪತ್ರೆಯ ಡಾಕ್ಟರಬಾಯಿ, ಇನ್ನು ಮಲಗಿಸಿಡಬೇಡಿ, ನಡೆಸಿ ಎಂದರು. ಮೊದಲು ಸ್ವಲ್ಪ, ಆಮೇಲೆ ಇನ್ನೂ ಸ್ವಲ್ಪ. ಎಷ್ಟು ಜೋರಾಗಿ ನಡೆಯಬೇಕು ಎಂದು ನಾನು ಕೇಳಿದೆ. ನಡೆಯುತ್ತಲೇ ಮಾತಾಡಲು ಬರಬೇಕು, ಮಾತು ತುಂಡಾಯಿತೆಂದರೆ ನಿಂತು ಸುಧಾರಿಸಿಕೊಳ್ಳಬೇಕು, ಅಷ್ಟೇ ಲೆಕ್ಕ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದರು.

ಅತ್ತೆಯೋ ಮಾತೇ ಆಡದ ಹೆಂಗಸು. ‘ನಳ ಬಂತು’, ‘ಊಟಕ್ಕ ಏಳು’ — ಇದಕ್ಕಿಂತ ಉದ್ದದ ಮಾತನ್ನು ನಾನು ಅವರ ಬಾಯಿಂದ ಕೇಳಿರಲಿಲ್ಲ. ಈಗ ಆರೋಗ್ಯಕ್ಕಾಗಿ ಮಾತಾಡಬೇಕಾಗಿ ಬಂದಿತ್ತು!

“ಏನ ಮಾತಾಡ್ಲಿ?” ಎಂದರು ವಾಡೆಯ ಬಾಗಿಲಲ್ಲಿ ನಿಂತು.

“ಏನರ ಹೇಳ್ರಿ ಅತ್ತಿ. ನಿಮ್ಮ ತವರಮನಿದು ಹೇಳ್ರಿ.”

“ನಮ್ಮೂರಾಗ... ಹೊಳಿ...” ಅಷ್ಟಕ್ಕೇ ಉಸಿರು ತೀರಿತು. ಗೋಡೆಗೆ ಕೈಕೊಟ್ಟು ನಿಂತುಬಿಟ್ಟರು.

ಮರುದಿನ ಹೊಳೆಯ ಹೆಸರು ಕೃಷ್ಣಾ ಎಂಬಲ್ಲಿಯವರೆಗೆ ಬಂದೆವು. ಕೆಲವು ದಿನಗಳಲ್ಲಿ ಓಣಿಯ ತಿರುವಿನ ತನಕ, ಆಮೇಲೆ ಬೇಕರಿಯ ತನಕ. ನನಗೊಂದು ಹುಚ್ಚು ಕುತೂಹಲ ಹತ್ತಿತು. ಇವತ್ತು ಮಾತು ಎಲ್ಲಿ ತುಂಡಾಗುತ್ತದೆ, ನಾಳೆ ಎಷ್ಟು ಉದ್ದವಾಗುತ್ತದೆ — ಉಸಿರು ಮರಳುವುದನ್ನು ಹೀಗೆ ಕಿವಿಯಿಂದ ಕೇಳಬಹುದು ಎಂದು ನನಗೆಲ್ಲಿ ಗೊತ್ತಿತ್ತು? ಮಾತು ಉದ್ದವಾದಂತೆ ನಾನು ಕಂಡೇ ಇರದ ಹುಡುಗಿಯೊಬ್ಬಳು ಅದರೊಳಗಿಂದ ಹೊರಬಂದಳು. ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತವಳು. ಮುಂದೆ ಬುರುಡೆ ಬಿಚ್ಚೊಗೆದು ಹೊಳೆಯ ಆಚೆ ದಂಡೆಗೆ ಹೋಗಿ ಸೌತೆಕಾಯಿ ಕದ್ದು ತಂದವಳು. ಮದುವೆ ಮಾಡಿಕೊಟ್ಟದ್ದು ಹೊಳೆಯಿಲ್ಲದ ಊರಿಗೆ. ಅಲ್ಲಿದ್ದದ್ದು ಒಂದು ಭಾವಿ, ಅದರೊಳಗೆ ಹೆಣ್ಣುಮಕ್ಕಳು ಇಳಿಯುವ ಹಾಗಿರಲಿಲ್ಲ.

“ನೀವು ಈಸ್ತಿದ್ರಿ ಅನ್ನೂದು ನಿಮ್ಮ ಮಗನಿಗೆ ಗೊತ್ತದ ಏನ್ರಿ?”

“ಆಂವಾ ಯಾವಾಗ ಕೇಳ್ಯಾನ?” ಎಂದು ಮುಂದೆ ನಡೆದರು.

ಈಜುಕೊಳದ ವಿಚಾರ ನನ್ನದು, ಅವರದಲ್ಲ. ಊರಿನ ಕೊಳವೊಂದರಲ್ಲಿ ಮಧ್ಯಾಹ್ನ ಹೆಂಗಸರಿಗೆಂದೇ ಹೊತ್ತು ಮೀಸಲಿತ್ತು. ಡಾಕ್ಟರಬಾಯಿಯನ್ನು ಕೇಳಿದೆ. ಕೆಮ್ಮು ಪೂರ್ತಿ ಹೋಗಲಿ, ಬೇಸಿಗೆ ಬರಲಿ, ಸ್ವಲ್ಪ ಹೊತ್ತು ಇಳಿದರೆ ಅಡ್ಡಿಯಿಲ್ಲ ಎಂದರು. ಇವರಿಗೆ ಹೇಳಲಿಲ್ಲ. ಮೊದಲು ಒಂದು ಸಲ ಹೋಗಿ ನೋಡೋಣ, ಆಮೇಲೆ ಹೇಳೋಣ — ಹಾಗಂದುಕೊಂಡೆವು.

ಅಲ್ಲಿ ಸೀರೆ ಉಟ್ಟು ನೀರಿಗಿಳಿಯುವಂತಿರಲಿಲ್ಲ. ಇವರ ಕಾಲೇಜು ದಿನಗಳ ಖಾಕಿ ಅರ್ಧಪ್ಯಾಂಟು ಟ್ರಂಕಿನ ತಳದಲ್ಲಿತ್ತು. ಅದಕ್ಕೆ ಲಾಡಿ ಸೇರಿಸಿದೆ, ಹಳೆಯ ಪೋಲಕಕ್ಕೆ ಬಟ್ಟೆ ಜೋಡಿಸಿ ಉದ್ದ ಮಾಡಿದೆ. ತೊಟ್ಟುಕೊಂಡು ಕನ್ನಡಿ ನೋಡಿದ ಅತ್ತೆ ನಗುತ್ತಾ ನಗುತ್ತಾ ನೆಲದ ಮೇಲೆ ಕೂತೇಬಿಟ್ಟರು. “ನಮ್ಮ ಮಲ್ಲೂನ್ನ ಕಂಡಂಗ ಕಾಣಸ್ತೀನಲ್ಲ!”

ಮೊದಲ ದಿನ ಬರೀ ಕಟ್ಟೆ ಹಿಡಿದು ನಿಂತು, ಮುಖ ಮುಳುಗಿಸಿ ಗುಳ್ಳೆ ಬಿಟ್ಟರು. ಅಲ್ಲಿ ಕಲಿಸುತ್ತಿದ್ದ ಮರಾಠಿ ಹೆಂಗಸು “ಹಳೂ ಹಳೂ ಆಜಿ, ಘಾಯಿ ನಕೋ” ಎಂದು, ಅವಸರ ಮಾಡದಂತೆ ಹೇಳುತ್ತಾ ಪಕ್ಕದಲ್ಲೇ ಇದ್ದಳು. ಒಂದೆರಡು ಸಲ ಕೈ ಬೀಸುವಷ್ಟರಲ್ಲಿ ತೇಕು ಬಂತು. ನಿಂತರು, ಸುಧಾರಿಸಿಕೊಂಡರು, ಮನೆಗೆ ಬಂದೆವು. ಮುಂದಿನ ವಾರ ಇನ್ನಷ್ಟು. ನಾನು ದಂಡೆಯ ಮೇಲೆ ಕೂತು, ನೀರಲ್ಲಿ ಕಾಲು ಇಳಿಬಿಟ್ಟು ನೋಡುತ್ತಿದ್ದೆ. ಒಂದು ದಿನ ಕೊಳದ ಅಗಲವನ್ನು ಪೂರ್ತಿ ದಾಟಿದರು. ಒಂದೇ ಮಗ್ಗುಲಾಗಿ, ಕಿವಿಯನ್ನು ನೀರಿಗೆ ಕೊಟ್ಟು, ಯಾರಿಗೋ ಬಾ ಎಂದು ಕರೆಯುವ ಹಾಗೆ ಕೈ ಚಾಚಿ ಎಳೆದುಕೊಳ್ಳುವುದು. ನೀರು ಸಪ್ಪಳ ಕೂಡ ಮಾಡುತ್ತಿರಲಿಲ್ಲ. ಕಲಿಯುತ್ತಿದ್ದ ಹುಡುಗಿಯರೆಲ್ಲ ನಿಂತು ನೋಡಿದರು. ಆಚೆ ಕಟ್ಟೆ ಹಿಡಿದು ನನ್ನ ಕಡೆ ತಿರುಗಿ, ಏದುಸಿರಿಲ್ಲದೆ, ಒಂದೇ ದಮ್ಮಿನಲ್ಲಿ ಕೂಗಿದರು: “ಕಮಲಾ, ನೀನೂ ಬಾರ, ನಿನಗೂ ಕಲಸ್ತೀನಿ!”

ಬರುತ್ತೇನೆ, ಇವತ್ತಲ್ಲ ಎಂದೆ.

ಬೇಸಿಗೆ ಮುಗಿಯುತ್ತಿದ್ದ ಒಂದು ದಿನ ಹಿಂತಿರುಗುವಾಗ ಗಾಳಿ ಎದ್ದು ಅಡ್ಡಮಳೆ ಹೊಡೆಯಿತು. ರಿಕ್ಷಾ ಸಿಗಲಿಲ್ಲ. ತೊಯ್ದು ಮನೆ ಸೇರಿದೆವು. ಸಂಜೆಗೆ ಅತ್ತೆಗೆ ನಡುಕ, ಮೈ ಬಿಸಿ. ಇವರು ಬಂದವರೇ ಹಣೆ ಮುಟ್ಟಿ ನೋಡಿದರು. ಕೂದಲು ಮುಟ್ಟಿದರು. ಕೈಯನ್ನು ಮೂಗಿನ ಹತ್ತಿರ ತಂದುಕೊಂಡರು.

“ಇದೇನು ವಾಸನಿ? ಬ್ಲೀಚಿಂಗ್ ಪೌಡರಿಂದು ಅಲ್ಲೇನು?”

ಮೂಲೆಯ ಬಕೆಟ್ಟಿನಲ್ಲಿ ಇವರದೇ ಖಾಕಿ ಅರ್ಧಪ್ಯಾಂಟು ನೆನೆದಿತ್ತು. ಎತ್ತಿ ಹಿಡಿದರು. ಅತ್ತೆ ಸುಳ್ಳು ಹೇಳುವವರಲ್ಲ. “ಈಸಾಕ ಹೋಗಿದ್ದೆ” ಎಂದರು.

ಇವರ ಮುಖದಲ್ಲಿ ಸಿಟ್ಟು ಇರಲಿಲ್ಲ — ಸಿಟ್ಟಿದ್ದಿದ್ದರೆ ಬಹುಶಃ ನಾನು ನಿಜ ಹೇಳಿರುತ್ತಿದ್ದೆನೇನೋ. ಇದ್ದದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕಂಡ ಅದೇ ಹೆದರಿಕೆ. ನನ್ನ ಕಡೆ ತಿರುಗಿದರು.

“ನೀ ಕರ್ಕೊಂಡು ಹೋಗಿದ್ದೇನು?”

“ಇಲ್ರಿ” ಎಂದೆ. “ನನಗ ಗೊತ್ತೇ ಇಲ್ಲ. ಇವತ್ತ ಸಂಜಿತನಕ ನಾ ಸಾಲಿಯೊಳಗಿದ್ದೆ.”

ಅತ್ತೆ ನನ್ನನ್ನು ನೋಡಿದರು. ಆ ನೋಟವನ್ನು ನಾನು ಎಷ್ಟು ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೆ! ಅದರಲ್ಲಿ ಆಶ್ಚರ್ಯವಿತ್ತು, ಅಷ್ಟು ಮಾತ್ರ ಖಾತ್ರಿ. ಕರುಣೆಯಿತ್ತೋ, ತಿರಸ್ಕಾರವಿತ್ತೋ — ತಿಳಿಯದು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಹೇಳಿದರು: “ಹೌದಪಾ. ಆಕೀಗೆ ಗೊತ್ತಿಲ್ಲ. ನಾ ಒಬ್ಬಾಕಿನೇ ಹೋಗಿದ್ದೆ.”

ಇವರು ತಾಯಿಯ ಮಗ್ಗುಲಲ್ಲಿ ಕೂತು, ಅವರ ಕೈಯನ್ನೆತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. “ಇನ್ನೊಮ್ಮಿ ನೀರಿಗೆ ಇಳಿಯಂಗಿಲ್ಲ ಅಂತ ನನ್ನ ತಲಿ ಮ್ಯಾಲ ಆಣಿ ಮಾಡವ್ವಾ.”

ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ನಾನೇ ಕರೆದುಕೊಂಡು ಹೋದದ್ದು, ಡಾಕ್ಟರನ್ನು ಕೇಳಿಯೇ ಹೋದದ್ದು, ಅವ್ವ ಹೇಗೆ ಈಸುತ್ತಾರೆ ಒಂದು ಸಲ ಬಂದು ನೋಡಿ — ಇಷ್ಟು ಹೇಳಿದ್ದರೆ ಸಾಕಿತ್ತು. ಅತ್ತೆ ಆಣೆ ಮಾಡಿದರು.

ಜ್ವರ ಬೇಗ ಇಳಿಯಿತು. ಬರೀ ನೆಗಡಿ, ಎದೆ ಸ್ವಚ್ಛ ಇದೆ ಎಂದರು ಡಾಕ್ಟರಬಾಯಿ. ಒಬ್ಬನೇ ಮಗನ ತಲೆಯ ಮೇಲಿನ ಆಣೆ ಮಾತ್ರ ಇಳಿಯಲಿಲ್ಲ. ನನ್ನ ಕೆಲಸ ಉಳಿಯಿತು. ಮುಂದೆ ಅದೇ ಬಾಲವಾಡಿಯ ಮುಖ್ಯಬಾಯಿಯೂ ಆದೆ. ಅತ್ತೆ ನನ್ನ ಮೇಲೆ ಮುನಿಯಲಿಲ್ಲ, ಅಡುಗೆ ಮಾಡಿ ಬಡಿಸಿದರು, ನನ್ನ ಮಕ್ಕಳನ್ನು ಬೆಳೆಸಿದರು. ವಾಕಿಂಗಿಗೂ ಬರುತ್ತಿದ್ದರು. ಆದರೆ ನಡೆಯುವಾಗ ಮಾತಾಡುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ಒಮ್ಮೆ ಸೊಲ್ಲಾಪುರದ ರೈಲಿನಲ್ಲಿ ಇಬ್ಬರೇ ಊರಿಗೆ ಹೊರಟಿದ್ದೆವು. ಭೀಮಾ ಸೇತುವೆಯ ಮೇಲೆ ಗಾಡಿ ನಿಧಾನವಾಯಿತು. ಕೆಳಗೆ ಹೊಳೆ ತುಂಬಿ ಹರಿಯುತ್ತಿತ್ತು. ಅತ್ತೆ ಕಿಟಕಿಯ ಸರಳಿಗೆ ಹಣೆ ಹಚ್ಚಿ, ಸೇತುವೆ ಮುಗಿಯುವವರೆಗೂ ನೋಡಿದರು.

“ಅತ್ತಿ, ಅವತ್ತ ನೀವ್ಯಾಕ—” ಎಂದೆ.

“ಏನು?”

“ಏನಿಲ್ರಿ.”

ಅವರು ನನ್ನನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕಾಯ್ದರು. ನಾನು ಬುತ್ತಿ ಬಿಚ್ಚಿದೆ. ಅದಾದ ಮೇಲೆ ಬಹಳ ದಿನ ಅವರು ಬದುಕಲಿಲ್ಲ.

ಕಳೆದ ವಾರ ಇವರಿಗೆ ಎಲ್ಲವನ್ನೂ ಹೇಳಿದೆ. ಚಹಾ ಕುಡಿಯುತ್ತಿದ್ದರು. ಮೊದಲಿನಿಂದ ಕೊನೆಯವರೆಗೆ, ಏನೂ ಬಿಡದೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ — ಬೈದಿದ್ದರೆ ಒಳ್ಳೆಯದಿತ್ತು. ಕಪ್ಪನ್ನು ಕೆಳಗಿಟ್ಟರು.

“ಆಕಿ ಹೆಂಗ ಈಸ್ತಿದ್ಲು?” ಎಂದು ಕೇಳಿದರು.

ಹೇಳಿದೆ. ಒಂದು ಮಗ್ಗುಲಾಗಿ, ಕಿವಿ ನೀರಿಗೆ ಕೊಟ್ಟು. ಕೈ ಚಾಚಿ ತೋರಿಸಿದೆ.

“ಯಾವ ಕೈ ಮುಂದ ಬರ್ತಿತ್ತು?”

ನನಗೆ ನೆನಪಾಗಲಿಲ್ಲ. ಎರಡೂ ಕೈಗಳನ್ನು ಒಂದೊಂದಾಗಿ ಚಾಚಿ ನೋಡಿದೆ. ಅವರು ಕಣ್ಣು ಕೀಳದೆ ನೋಡುತ್ತಿದ್ದರು. ಗೊತ್ತಿಲ್ಲ ಎಂದೆ. ಈ ಸಲ ಅದು ನಿಜವಾಗಿತ್ತು.