ಒಂದೇ ಪದದ ಪುಸ್ತಕ

ಟೀಚರ ಬಳಿ ಎರಡು ಕನ್ನಡಕಗಳಿದ್ದವು. ಒಂದು ಮೂಗಿನ ಮೇಲೆ, ಇನ್ನೊಂದು ನೆರೆತ ಕೂದಲಿನ ಮೇಲೆ. ಎರಡೂ ಅಲ್ಲೇ ಇರುವಾಗ ಮೇಜಿನ ಕಾಗದಗಳನ್ನೆಲ್ಲ ಎತ್ತಿ ಎತ್ತಿ ಕನ್ನಡಕ ಹುಡುಕುತ್ತಿದ್ದರು. ನಾವು ಹೇಳುತ್ತಿರಲಿಲ್ಲ. ಪಾಠ ಹತ್ತು ನಿಮಿಷ ತಡವಾಗಲಿ ಎಂಬ ಆಸೆ.

ಶಾಲೆಯಿಂದ ನಿವೃತ್ತರಾದ ಮೇಲೆ ಬೋಳಾರದ ಮನೆಯ ಜಗಲಿಯಲ್ಲಿ ಅವರು ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಗಲ್ಫಿಗೆ ಹೊರಟ ನರ್ಸುಗಳು, ಡ್ರೈವರುಗಳು, ಜೊತೆಗೆ ಕೊಟ್ಟಾರದಲ್ಲಿ ನಮ್ಮ ಬಾಪನ ಬಟ್ಟೆ ಅಂಗಡಿ ನೋಡಿಕೊಳ್ಳುತ್ತಿದ್ದ ನಾನು. ಕ್ಲಾಸಿಗೆ ಒಂದೇ ಕಟ್ಟಳೆ: ವಾರಕ್ಕೊಮ್ಮೆ ಪ್ರತಿಯೊಬ್ಬರೂ ‘ರನ್’ ಎಂಬ ಪದವಿರುವ ಹೊಸ ವಾಕ್ಯವೊಂದನ್ನು ತರಬೇಕು. ಪುಸ್ತಕದಿಂದ ಕದಿಯುವಂತಿಲ್ಲ, ಯಾರ ಬಾಯಿಂದಲಾದರೂ ಕೇಳಿರಬೇಕು. “ಓಡುವುದು ಅಂತ ಮಾತ್ರ ಹೇಳ್ಬೇಡಿ ಮಾರಾಯ್ರೆ, ಅದು ನಾಯಿಗೂ ಗೊತ್ತುಂಟು” ಎನ್ನುತ್ತಿದ್ದರು.

ಹೀಗೆ ಮೂಗು ಸೋರುವುದು, ನಲ್ಲಿ ಸುರಿಯುವುದು, ಹೋಟೆಲು ನಡೆಸುವುದು ಎಲ್ಲವೂ ಆ ಒಂದೇ ಪದದೊಳಗೆ ಸೇರಿದವು. ಚುನಾವಣೆಗೆ ನಾವು ನಿಲ್ಲುತ್ತೇವೆ, ಅಮೆರಿಕದವರು ಓಡುತ್ತಾರೆ ಎಂದು ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ತೊಳೆದರೆ ಸೀರೆ ಬಣ್ಣ ಬಿಡುತ್ತದೆಯೇ ಎಂದು ಕೇಳಲು ಗಿರಾಕಿಯೊಬ್ಬರು ಅದೇ ಪದ ಬಳಸಿದ್ದರು. ಅದು ನನ್ನ ಪಾಲಿನದು. ಟೀಚರ್ ಆ ವಾಕ್ಯದ ಕೆಳಗೆ ನನ್ನ ಹೆಸರು, ಅಂಗಡಿ, ಗಿರಾಕಿ, ಸೀರೆಯ ಬಣ್ಣ ಎಲ್ಲವನ್ನೂ ದಪ್ಪ ನೋಟ್‌ಪುಸ್ತಕದಲ್ಲಿ ಬರೆದುಕೊಂಡರು. ಗಲ್ಫ್ ಸೇರಿದವರೂ ವಾಕ್ಯ ಸಿಕ್ಕಿದಾಗ ಫೋನು ಮಾಡುತ್ತಿದ್ದರು. ಆ ನೆಪದಲ್ಲಿ ಊಟ, ಕಾಲುನೋವು, ಮಕ್ಕಳು ಎಂದು ಅರ್ಧ ಗಂಟೆ ಮಾತು ಬೆಳೆಯುತ್ತಿತ್ತು.

ಎರಡು ವರ್ಷದ ಹಿಂದೆ ಬಕ್ರೀದಿಗೆ ಬಿರಿಯಾನಿ ಡಬ್ಬಿ ಕೊಡಲು ಹೋಗಿದ್ದೆ. “ಎಂತ ಹೊಸತುಂಟು?” ಎಂದರು. ನಾನು ಏನೂ ತಂದಿರಲಿಲ್ಲ. ಮಾನ ಉಳಿಸಿಕೊಳ್ಳಲು ಮೊಬೈಲು ತೆಗೆದು ‘ರನ್’ ಪದದ ಅರ್ಥಗಳ ಪುಟ ತೋರಿಸಿದೆ. “ಇದರಲ್ಲಿ ಎಲ್ಲ ಉಂಟು ಟೀಚರ್, ನೂರಾರು ಅರ್ಥ. ನೀವು ಸುಮ್ಮನೆ ಬರೆದು ಕೈ ನೋಯಿಸಿಕೊಳ್ಳುವುದು ಎಂತಕ್ಕೆ?”

ಅವರು ಬೆರಳಿನಿಂದ ಪರದೆ ಸರಿಸಿದರು, ಸರಿಸುತ್ತಲೇ ಇದ್ದರು. ಕೊನೆಗೆ “ಒಳ್ಳೆದಾಯ್ತು ಮಗಾ” ಎಂದು ಫೋನು ವಾಪಸು ಕೊಟ್ಟು, ಬಿರಿಯಾನಿ ಬೇರೆ ಪಾತ್ರೆಗೆ ಹಾಕಿ ಡಬ್ಬಿ ತೊಳೆಯಲು ಒಳಗೆ ಹೋದರು. ದೊಡ್ಡ ಉಪಕಾರ ಮಾಡಿದೆನೆಂದು ನಾನು ಬೀಗಿದೆ. ಎಂಥ ಮೂರ್ಖ ನಾನು. ಮತ್ತೆ ಅವರು ವಾಕ್ಯ ಕೇಳಲಿಲ್ಲ. ನನಗೆ ಹಗುರವೆನಿಸಿತು, ಹೋಗುವುದೂ ಕಡಿಮೆಯಾಯಿತು.

ಕಳೆದ ತಿಂಗಳು ಟೀಚರ್ ತೀರಿಕೊಂಡರು. ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಮನೆಗೆ ಮರಳಿದ ಮೇಲೆ, ಜೊತೆಗಿದ್ದು ನೋಡಿಕೊಂಡ ಅವರ ತಂಗಿ ನನ್ನ ಪಕ್ಕ ಬಂದು ಕೂತರು. “ಮೊದಲು ದಿನಾ ಒಬ್ಬರಾದರೂ ಫೋನ್ ಮಾಡ್ತಿದ್ದರು. ಕೊನೆಗೆ ಯಾರೂ ಇಲ್ಲ. ‘ಇನ್ನು ವಾಕ್ಯ ಬೇಡ, ನಿಮಗೆ ಸುಮ್ಮನೆ ಉಪದ್ರ, ಎಲ್ಲ ಮೊಬೈಲಿನಲ್ಲಿ ಉಂಟಂತೆ’ ಅಂತ ಅಕ್ಕನೇ ಎಲ್ಲರಿಗೂ ಹೇಳಿದಳು. ಅವಳ ತಲೆಗೆ ಅದನ್ನು ಯಾರು ಹಾಕಿದ್ದೋ ದೇವರಿಗೇ ಗೊತ್ತು.”

ನಾನು ತಲೆ ತಗ್ಗಿಸಿ “ಹೌದಾ” ಎಂದಷ್ಟೇ ಹೇಳಿ ಎದ್ದು ಬಂದೆ.