ಭೋಂಗಾ ಹೊತ್ತಿಗೆ ಉಂಡ ಯೀಸ್ಟ್

ಓದುಗರಿಗೆಲ್ಲ ನಮಸ್ಕಾರ. ಒಂದೇ ಬೆರಳಲ್ಲಿ ಟೈಪ್ ಮಾಡುತ್ತೇನೆ, ಶಾಲೆ ಕಂಡಿದ್ದೂ ತಡವಾಗಿ. ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ಸೊಸೆ ಪಾವ್ ಮಾಡಲೆಂದು ಉಗುರುಬೆಚ್ಚಗಿನ ನೀರಲ್ಲಿ ಯೀಸ್ಟ್ ನೆನೆಸಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದಿದ್ದೇ ತಡ, ಎಪ್ಪತ್ತರ ದಶಕದ ಮುಂಬೈಗೆ, ನಮ್ಮ ಅಕ್ಕಾವ್ರ ಲ್ಯಾಬಿಗೆ ಹೋಗಿಬಿಟ್ಟೆ...

ನಾನಾಗ ಗದಗ ಕಡೆಯಿಂದ ಬಂದು ಆಂಟಾಪ್ ಹಿಲ್‌ನಲ್ಲಿದ್ದೆ. ಹಗಲು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಹಂಗಾಮಿ ಕೆಲಸ, ಸಂಜೆ ದಾದರ್‌ನ ನೈಟ್ ಸ್ಕೂಲ್. ಅಕ್ಕಾವ್ರು ಮೈಸೂರಿನವರು, ಯೀಸ್ಟ್ ಮೇಲೆ ಸಂಶೋಧನೆ ಮಾಡುತ್ತಿದ್ದರು. ಒಂದು ಕೋಶ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಯ ಇನ್ನೊಂದು ಪ್ರತಿ ಮಾಡಿಕೊಳ್ಳಬೇಕು. "ಮಾಡ್ಲಾ ಬೇಡ್ವಾ ಅಂತ ಅದು ಯಾವ ಗಳಿಗೇಲಿ ತೀರ್ಮಾನ ಮಾಡತ್ತೆ? ನಂಗೆ ಅದು ಗೊತ್ತಾಗ್ಬೇಕು" ಎನ್ನುತ್ತಿದ್ದರು. ಅದಕ್ಕೇ ಯೀಸ್ಟನ್ನು ಎರಡು ದಿನ ಉಪವಾಸ ಕೆಡವುತ್ತಿದ್ದರು. ಹಸಿದ ಕೋಶಗಳೆಲ್ಲ ಡಿಎನ್‌ಎ ಕೆಲಸಕ್ಕೆ ಕೈಹಾಕದೆ ಒಂದೇ ಹೊಸ್ತಿಲಲ್ಲಿ ನಿಲ್ಲುತ್ತವೆ. ಊಟ ಕೊಟ್ಟರೆ ಒಟ್ಟಿಗೆ ಹೊರಡುತ್ತವೆ, ಹೊರಟ ಕೋಶದ ಪಕ್ಕದಲ್ಲಿ ಪುಟ್ಟ ಮೊಗ್ಗು ಮೂಡುತ್ತದೆ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಒಂದು ಬೆಳಿಗ್ಗೆ ನೋಡಿದರೆ, ಯೀಸ್ಟಿನ ಊಟಕ್ಕೆಂದು ನಾನೇ ತುಂಬಿಸಿಟ್ಟ ಸಕ್ಕರೆನೀರಿನ ಬಾಟಲಿ ಹಾಗೇ ಇತ್ತು. ಅಕ್ಕಾವ್ರು ಮರೆತರೆಂದುಕೊಂಡೆ. ನಮ್ಮ ಕಡೆ ದನಕ್ಕೆ ಮೇವು ಹಾಕದೆ ಯಾರೂ ಉಣ್ಣುವುದಿಲ್ಲ. ಅವರು ಮಾಡುವ ಹಾಗೆಯೇ ಯೀಸ್ಟ್ ಇದ್ದ ಫ್ಲಾಸ್ಕಿನ ಬಾಯನ್ನು ಉರಿಗೆ ಹಿಡಿದು, ಸಕ್ಕರೆನೀರು ಸುರಿದೇಬಿಟ್ಟೆ.

ಪಕ್ಕದ ಲ್ಯಾಬಿನ ಜವಾನ, ವಿಜಾಪುರದವನು, ಕೇಳಿ ತಲೆ ಚಚ್ಚಿಕೊಂಡ. "ಲೇ ಹುಚ್ಚಪ್ಪ, ಅವು ಉಪಾಸ ಇರಬೇಕಿತ್ತೋ! ನಿನ್ನ ನೌಕರಿ ಹೋತು. ಚೆಲ್ಲಿಬಿಡು, ಬಾಟ್ಲಿ ಒಡೀತಂತ ಹೇಳು."

ಫ್ಲಾಸ್ಕ್ ಕೈಗೂ ತೆಗೆದುಕೊಂಡೆ. ನೌಕರಿ ಹೋದರೆ ನೈಟ್ ಸ್ಕೂಲೂ ಹೋದಂತೆ... ಅಷ್ಟರಲ್ಲಿ ಅಕ್ಕಾವ್ರು, ಲೋಕಲ್ ರೈಲು ತಡವಾಗಿ, ಬೆವರೊರೆಸುತ್ತ ಬಂದರು. ಸುಳ್ಳು ಬಾಯಿಗೆ ಬರಲಿಲ್ಲ.

"ತಪ್ಪಾತ್ರಿ ಅಕ್ಕಾರ. ಹಸದಾವಂತ ಉಣ್ಣಾಕ ಹಾಕಿಬಿಟ್ಟೆ."

ಅವರ ಮುಖ ಬಿಳಿಚಿಕೊಂಡಿತು. "ಯಾವಾಗ ಹಾಕಿದ್ರಿ? ಸುಮಾರು ಅನ್ಬೇಡಿ, ಸರಿಯಾಗಿ ಹೇಳಿ."

"ಗಿರಣಿ ಭೋಂಗಾ ಕೂಗಿದಾಗ್ರಿ. ಅದಾ ಹೊತ್ತಿಗೆ."

ಗಡಿಯಾರ ನೋಡಿದರು. ಭೋಂಗಾ ಅಂದರೆ ಬಟ್ಟೆ ಗಿರಣಿಯ ಸೈರನ್, ಒಂದು ನಿಮಿಷವೂ ಆಚೀಚೆ ಆಗುತ್ತಿರಲಿಲ್ಲ. ಓಡಿಹೋಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. "ಇನ್ನೂ ಮೊಗ್ಗು ಬಂದಿಲ್ಲ! ನಾಳೆ ಮಾಡೋದನ್ನ ಇವತ್ತೇ ಮಾಡೋಣ. ಕೂತ್ಕೊಳ್ಳಿ, ಎಣಿಸಿ!" ಎಂದು ತಮ್ಮ ಕುರ್ಚಿಯನ್ನೇ ಎಳೆದುಕೊಟ್ಟರು.

ನಾನು! ಸೂಕ್ಷ್ಮದರ್ಶಕದ ಮುಂದೆ! ಹತ್ತು ನಿಮಿಷಕ್ಕೊಮ್ಮೆ ಅವರು ಸ್ವಲ್ಪ ಯೀಸ್ಟ್ ತೆಗೆದು, ತೊಳೆದು, ಸಕ್ಕರೆಯಿಲ್ಲದ ನೀರಿಗೆ ಹಾಕಿ ಮತ್ತೆ ಉಪವಾಸ ಕೆಡವುವರು. ಮೊದಮೊದಲು ತೆಗೆದವು ಇದ್ದಲ್ಲೇ ನಿಂತವು. ಫ್ಲಾಸ್ಕಿನಲ್ಲಿ ಉಳಿದವು ಉಂಡು ದಪ್ಪಗಾದವು. ಆಮೇಲೆ ಒಂದು ಮೊಗ್ಗು, ನಾಲ್ಕು, ಲೆಕ್ಕ ತಪ್ಪುವಷ್ಟು!

"ಹೊಂಟ್ವು ಅಕ್ಕಾರ, ಹೊಂಟ್ವು!" ಎಂದು ಕೂಗಿದೆ.

ಅವನ್ನೂ ಉಪವಾಸಕ್ಕೆ ಹಾಕಿ ಕಾದೆವು. ಅವು ನಿಲ್ಲಲಿಲ್ಲ, ಸಂಜೆಯ ಹೊತ್ತಿಗೆ ಎರಡೆರಡಾದವು. ಅಕ್ಕಾವ್ರು ಚಪ್ಪಾಳೆ ತಟ್ಟಿದರು. "ನೋಡಿದ್ರಾ! ಹೊಸ್ತಿಲು ದಾಟಿದ್ಮೇಲೆ ಹಸಿವಾದ್ರೂ ವಾಪಸ್ ಬರಲ್ಲ ಇವು!"

ಗದ್ದಲಕ್ಕೆ ವಿಜಾಪುರದವನು ಬಾಗಿಲಲ್ಲಿ ಇಣುಕಿದ. "ಹೊರಗ ಹಾಕಿದ್ರೇನೋ?"

"ಇಲ್ಲೋ, ಒಳಗ ಕುಂದ್ರಿಸ್ಯಾರ!"

ಮುಂದಿನ ವರ್ಷ ಅಕ್ಕಾವ್ರು ಬೇರೆ ಊರಿಗೆ ಹೋದರು. ನಾನು ಮೆಟ್ರಿಕ್ ಪಾಸಾಗಿ ಅದೇ ಲ್ಯಾಬಿನಲ್ಲಿ ಅಸಿಸ್ಟೆಂಟ್ ಆದೆ. ಪತ್ರ ಬರೆಯಬೇಕು, ನಾಳೆ ಬರೆದರಾಯಿತು ಅಂತ... ಈಗ ವಿಚಾರಿಸಿದರೆ, ಅವರು ತೀರಿಕೊಂಡು ಮೂರು ವರ್ಷವಾಯಿತಂತೆ. ಪಾಸಾದ ಸುದ್ದಿ ಅವರಿಗೆ ಮುಟ್ಟಲೇ ಇಲ್ಲ. ನಿಮಗೇ ಹೇಳುತ್ತಿದ್ದೇನೆ.

ತಪ್ಪು ಒಪ್ಪಿಕೊಂಡ ದಿನ ಕುರ್ಚಿ ಎಳೆದುಕೊಟ್ಟವರು ನಿಮಗೂ ಸಿಕ್ಕಿದ್ದರೆ ಬರೆಯಿರಿ. ಅವರು ಇನ್ನೂ ಇದ್ದರೆ, ಮೊದಲು ಅವರಿಗೆ ಬರೆಯಿರಿ.